ಮೂರು ವರ್ಷದ ಕಾಗದ, ಗಿಡ್ಡ ಪೈಪು: ಕಾಂಬೋಡಿಯಾದ ಹಳ್ಳಿ ನೀರಿನ ಕಥೆ

ನಮ್ಮ ಊರುಗಳಲ್ಲಿ ನಲ್ಲಿಯಲ್ಲಿ ನೀರು ಬರದಿದ್ದರೆ ಮೊದಲು ಬೈಸಿಕೊಳ್ಳುವವನು ನೀರುಗಂಟಿ, ಆಮೇಲೆ ಪಂಚಾಯಿತಿ. ಕಾಂಬೋಡಿಯಾದ ಎಷ್ಟೋ ಹಳ್ಳಿಗಳಲ್ಲಿ ಬೈಸಿಕೊಳ್ಳುವವರು ಅದೇ ಸೀಮೆಯ ಒಬ್ಬ ವ್ಯಾಪಾರಿ. ಪಂಪು ಅವರದು, ಟ್ಯಾಂಕು ಅವರದು, ಮಣ್ಣಿನಡಿಯ ಪೈಪೂ ಅವರದೇ. ಸರ್ಕಾರ ಮಾಡಬೇಕಾದ ಕೆಲಸ ಅವರ ಕೈಗೆ ಹೋದದ್ದು ಹೇಗೆ ಎಂದು ಹುಡುಕುತ್ತಾ ಹೋದರೆ ಅರ್ಧ ಶತಮಾನ ಹಿಂದಕ್ಕೆ ಹೋಗಬೇಕು.

1975ರ ಏಪ್ರಿಲ್ 17ರಂದು ಖ್ಮೇರ್ ರೂಜ್ ಪಡೆ ರಾಜಧಾನಿ ನೋಮ್ ಪೆನ್ ಹಿಡಿದು, ಪಟ್ಟಣದ ಜನರನ್ನೆಲ್ಲ ಹಳ್ಳಿಗಾಡಿಗೆ ಅಟ್ಟಿತು. 1979ರ ಜನವರಿಯಲ್ಲಿ ಆ ಆಡಳಿತ ಬಿದ್ದಾಗ ಓದಿದವರು, ಎಂಜಿನಿಯರುಗಳು ಬದುಕಿ ಉಳಿದದ್ದೇ ಕಡಿಮೆ. ಅಲ್ಲಿಂದ ಮುಂದೆಯೂ ಕಾಳಗ. 1991ರಲ್ಲಿ ಪ್ಯಾರಿಸ್ ಶಾಂತಿ ಒಪ್ಪಂದ, 1993ರಲ್ಲಿ ಚುನಾವಣೆ. ಬರಿಗೈಯಲ್ಲಿದ್ದ ಸರ್ಕಾರ ಮೊದಲು ರಾಜಧಾನಿಯ ನೀರು ಸರಿಮಾಡಿತು. ಆ ಕೆಲಸದ ಮುಂದಾಳು ಏಕ್ ಸೊನ್ ಚಾನ್ ಅವರಿಗೆ 2006ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯೂ ಬಂತು. ಹಳ್ಳಿಗಳ ಪಾಲಿಗೆ ಬಂದದ್ದು ಕೈಪಂಪು. ಅದರಲ್ಲೂ 2000ದ ಹೊತ್ತಿಗೆ ಮೆಕಾಂಗ್ ನದಿಯ ಬಯಲಿನ ಬಾವಿಗಳಲ್ಲಿ ಆರ್ಸೆನಿಕ್ ವಿಷ ಪತ್ತೆಯಾಯಿತು.

ನೀರಿಲ್ಲದ ದೇಶವೇನೂ ಅಲ್ಲ ಅದು. ಮಳೆಗಾಲದಲ್ಲಿ ಗದ್ದೆಗಳೇ ಕೆರೆಯಂತಾಗುತ್ತವೆ. ಮನೆಯ ಪಕ್ಕದಲ್ಲಿ ಆಳೆತ್ತರದ ಸಿಮೆಂಟ್ ಗುಡಾಣಗಳಿಟ್ಟು ಸೂರಿನ ನೀರು ತುಂಬಿಸಿಕೊಳ್ಳುತ್ತಾರೆ. ನವೆಂಬರ್ ಕಳೆದ ಮೇಲೆ ಗುಡಾಣ ಬರಿದಾಗುತ್ತದೆ. ಆಗ ಹೊಳೆಯ ಕೆಸರು ನೀರು ತಂದು ಪಟಿಕ ತಿರುವಿ ತಿಳಿಯಾಗಿಸಬೇಕು, ಇಲ್ಲವೇ ಗಾಡಿಯವರಿಂದ ಕೊಳ್ಳಬೇಕು.

ಹೀಗೆ ನೀರು ಮಾರುತ್ತಿದ್ದವರಲ್ಲೇ ಕೆಲವರು 1990ರ ದಶಕದಲ್ಲಿ ಲೆಕ್ಕ ಹಾಕಿದರು: ಗಾಡಿಯ ಬದಲು ಪೈಪು ಎಳೆದರೆ? ಹೊಳೆಗೊಂದು ಡೀಸೆಲ್ ಪಂಪು, ಒಂದು ಟ್ಯಾಂಕು, ಸಂತೆ ಬೀದಿಯುದ್ದಕ್ಕೆ ಪ್ಲಾಸ್ಟಿಕ್ ಪೈಪು, ಮನೆಗೊಂದು ಮೀಟರು. ಹಾಕಿದ ಬಂಡವಾಳ ಸ್ವಂತದ್ದು, ಇಲ್ಲವೇ ನೆಂಟರದ್ದು. ಸಾವಿರ ಲೀಟರಿಗೆ ಅನೇಕ ಕಡೆ 1,500ರಿಂದ 2,500 ರಿಯಲ್ ದರ ನಿಂತಿತು. ಸುಮಾರು 4,000 ರಿಯಲ್ ಎಂದರೆ ಒಂದು ಡಾಲರ್. ನಗರದ ನಲ್ಲಿಗಿಂತ ದುಬಾರಿ, ಗಾಡಿಯ ನೀರಿಗಿಂತ ಎಷ್ಟೋ ಅಗ್ಗ.

ಸರ್ಕಾರ ಇವರನ್ನು ಓಡಿಸಲಿಲ್ಲ, ಪರವಾನಗಿ ಕೊಟ್ಟಿತು. ಪೈಪಿನ ನೀರು ಕೈಗಾರಿಕೆ ಸಚಿವಾಲಯಕ್ಕೆ, ಕೈಪಂಪು ಗ್ರಾಮೀಣಾಭಿವೃದ್ಧಿ ಸಚಿವಾಲಯಕ್ಕೆ ಎಂದು ಪಾಲಾಯಿತು. ನಮಗೆ ಇಡೀ ಕಥೆಯ ಗಂಟು ಕಾಣುವುದು ಆ ಪರವಾನಗಿಯಲ್ಲೇ. ಮೊದಮೊದಲು ಅದರ ಅವಧಿ ಸಾಮಾನ್ಯವಾಗಿ ಮೂರು ವರ್ಷ. ಯೋಚಿಸಿ ನೋಡಿ: ಮೂರು ವರ್ಷಕ್ಕೆ ಗುತ್ತಿಗೆ ಸಿಕ್ಕ ಹೊಲದಲ್ಲಿ ಯಾರಾದರೂ ತೆಂಗು ನೆಡುತ್ತಾರಾ? ನೀರಿನ ವ್ಯಾಪಾರಿಯೂ ನೆಡಲಿಲ್ಲ. ಬೇಗ ದುಡ್ಡು ಹುಟ್ಟುವ ಒತ್ತೊತ್ತು ಮನೆಗಳ ಬೀದಿಯಲ್ಲೇ ಪೈಪು ನಿಂತಿತು. ಬ್ಯಾಂಕುಗಳೂ ಆ ಕಾಗದ ನಂಬಿ ಸಾಲ ಕೊಡಲಿಲ್ಲ. ಮನೆ ಜಮೀನು ಅಡವಿಡು ಅಂದವು. ಗದ್ದೆಯಾಚೆಗಿನ ಇಪ್ಪತ್ತು ಮನೆಗೆ ಒಂದು ಕಿಲೋಮೀಟರ್ ಪೈಪು ಎಳೆಯುವುದು ದುರಾಸೆಯವನಿಗಷ್ಟೇ ಅಲ್ಲ, ಒಳ್ಳೆಯ ಮನುಷ್ಯನಿಗೂ ನಷ್ಟದ ಬಾಬತ್ತಾಗಿತ್ತು.

ಬಡವರ ತೊಡಕು ಇನ್ನೊಂದು. ತಿಂಗಳ ಬಿಲ್ಲು ಹೇಗೋ ಕಟ್ಟಿಯಾರು, ಸಂಪರ್ಕ ಪಡೆಯಲು ಒಮ್ಮೆಲೇ ಕೊಡಬೇಕಾದ ದುಡ್ಡು ಎಲ್ಲಿಂದ ತರುವುದು? 2003ರಲ್ಲಿ ಮಂಜೂರಾದ ವಿಶ್ವಬ್ಯಾಂಕ್ ಯೋಜನೆಯೊಂದು ಇದಕ್ಕೆ ಒಂದು ದಾರಿ ಪರೀಕ್ಷಿಸಿತು: ಬಡ ಮನೆಗೆ ನಲ್ಲಿ ಹಾಕಿ, ನೀರು ಬಂದದ್ದು ತೋರಿಸಿದ ಮೇಲೆ ಗುತ್ತಿಗೆದಾರನಿಗೆ ಹಣ. ಕೆಲಸಕ್ಕೆ ಮುಂಚೆ ಬಿಲ್ಲು ಎತ್ತುವುದನ್ನು ಕಂಡಿರುವ ನಮಗೆ ಈ ಕ್ರಮ ಹಿಡಿಸಿತು. ಅದೇ ಕಾಲಕ್ಕೆ ಫ್ರಾನ್ಸಿನ ಗ್ರೆಟ್ ಸಂಸ್ಥೆ ಸಣ್ಣ ಊರುಗಳಲ್ಲಿ ವ್ಯಾಪಾರಿಯ ಬಂಡವಾಳಕ್ಕೆ ನೆರವು ಸೇರಿಸಿ, ಸ್ಥಳೀಯ ಆಡಳಿತವನ್ನೂ ಒಪ್ಪಂದದೊಳಗೆ ತಂದು ನೀರಿನ ಘಟಕಗಳನ್ನು ಕಟ್ಟಿಸಿತು.

2011ರಲ್ಲಿ ನೀರು ಪೂರೈಕೆದಾರರು ತಮ್ಮದೇ ಸಂಘ ಕಟ್ಟಿಕೊಂಡರು. ದೀರ್ಘಾವಧಿ ಪರವಾನಗಿ ಅವರ ದೊಡ್ಡ ಬೇಡಿಕೆಗಳಲ್ಲೊಂದು. ಆ ದಶಕದಲ್ಲಿ ಅವಧಿ 20 ವರ್ಷದವರೆಗೂ ಹೋಯಿತು. ಬದಲಿಗೆ ಸಚಿವಾಲಯ ನೀರಿನ ಗುಣಮಟ್ಟ, ಪೂರೈಕೆಯ ಪ್ರದೇಶ, ದರ ಎಲ್ಲಕ್ಕೂ ಷರತ್ತು ಹಾಕಿತು. ಕಾಗದ ಉದ್ದವಾದಂತೆ ಸಾಲವೂ ಹುಟ್ಟಿತು, ಆಸ್ಟ್ರೇಲಿಯಾ ಸರ್ಕಾರದ ಹಣದ ಒಂದು ಯೋಜನೆ ಪೈಪು ವಿಸ್ತರಿಸುವವರ ಜೊತೆ ಪಾಲು ಹಾಕಿತು.

ಆದರೂ 20 ವರ್ಷ ಒಂದು ಸೀಮೆಗೆ ಒಬ್ಬನೇ ನೀರಿನ ಒಡೆಯ ಎಂಬುದು ನಮಗೆ ಅಳುಕು ಹುಟ್ಟಿಸುವ ಮಾತೇ. ಕ್ಲೋರಿನ್ ಸರಿಯಾಗಿ ಹಾಕಿದನೋ ಇಲ್ಲವೋ ನೋಡಲು ಹಳ್ಳಿಯವರ ಬಳಿ ಸಲಕರಣೆ ಇಲ್ಲ.

ಅವರ ಹತ್ತಿರ ಇರುವುದು ಗುಡಾಣ. ಮನೆಗೆ ಪೈಪು ಬಂದ ಮೇಲೂ ಅದನ್ನು ಬಿಸಾಕಿದವರು ಕಡಿಮೆ. ಕುಡಿಯಲು ಮಳೆನೀರೇ ರುಚಿ ಎನ್ನುವವರು ಬಹಳ. ಹಾಗಾಗಿ ಮಳೆ ಹಿಡಿದ ತಿಂಗಳುಗಳಲ್ಲಿ ಮೀಟರು ನಿಧಾನವಾಗಿ ತಿರುಗುತ್ತದೆ, ವ್ಯಾಪಾರಿಯ ಸಾಲದ ಕಂತು ಮಾತ್ರ ಅಷ್ಟೇ ಇರುತ್ತದೆ.