ಬಿಸಿಲಿಗೆ ಮುಖ ಮಾಡಿ ನಿಂತವರು

ದಾವಣಗೆರೆ, ಹರಿಹರದ ಮನೆಗಳಲ್ಲಿ ಹಳೆಯ ಆಲ್ಬಮ್ ಬಿಚ್ಚಿದರೆ ಎಲ್ಲರೂ ಅಂಗಳದಲ್ಲಿ, ಕಣ್ಣು ಕಿರಿದು ಮಾಡಿಕೊಂಡು ನಿಂತಿರುತ್ತಾರೆ. "ಬಿಸಿಲಿಗೆ ಮುಖ ಮಾಡ್ರಿ, ಅಲುಗಾಡಬ್ಯಾಡ್ರಿ" ಎಂದು ಫೋಟೋ ಹೊಡೆಯುವವರು ಹೇಳಿದ್ದರ ಗುರುತು ಅದು. ಹಾಗೆ ಹೇಳಿಸುತ್ತಿದ್ದುದು ಕೈಯಲ್ಲಿದ್ದ ಅಗ್ಗದ ಪ್ಲಾಸ್ಟಿಕ್ ಕ್ಯಾಮರಾ.

ಸ್ಟುಡಿಯೋದ ಪರದೆಯ ಮುಂದೆ ಮಾತ್ರ ಕೂರುತ್ತಿದ್ದ ಜನರ ಕೈಗೆ ಕ್ಯಾಮರಾ ಬಂದ ಕಥೆ 1900ರಲ್ಲಿ ಶುರುವಾಗುತ್ತದೆ. ಆ ವರ್ಷ ಕೊಡಾಕ್ ಕಂಪನಿ ರಟ್ಟಿನ ಡಬ್ಬಿಯಂಥ ಬ್ರೌನಿಯನ್ನು ಒಂದು ಡಾಲರಿಗೆ ಮಾರಿತು. ಮುಂದೆ ರಟ್ಟಿನ ಜಾಗಕ್ಕೆ ಬೇಕಲೈಟ್ ಬಂತು, ಆಮೇಲೆ ಪ್ಲಾಸ್ಟಿಕ್. ನಮ್ಮಲ್ಲಿ ಮನೆಮಾತಾದದ್ದು ಆಗ್ಫಾ ಕ್ಲಿಕ್ 3. ಬರೋಡಾದ ನ್ಯೂ ಇಂಡಿಯಾ ಇಂಡಸ್ಟ್ರೀಸ್‌ನಲ್ಲಿ ತಯಾರಾಗುತ್ತಿದ್ದ ಈ ಕರಿ ಡಬ್ಬಿಗೆ 120ರ ರೀಲು ಹಾಕಿದರೆ ಹನ್ನೆರಡು ಚೌಕ ಫೋಟೋ. ಬೆನ್ನಿನ ಮೇಲೊಂದು ಸಣ್ಣ ಕೆಂಪು ಕಿಂಡಿ. ಗುಂಡಿ ತಿರುಗಿಸುತ್ತ ಅದರಲ್ಲಿ ಇಣುಕಿದರೆ ರೀಲಿನ ಹಿಂಬದಿಯ ಕಾಗದದ ಅಂಕಿ ಮೆಲ್ಲಗೆ ತೇಲಿ ಬರುತ್ತಿತ್ತು. ಇಂಥ ಕ್ಯಾಮರಾಗಳಲ್ಲಿ ತಿರುಗಿಸಲು ಮರೆತರೆ ಒಂದರ ಮೇಲೊಂದು ಚಿತ್ರ. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಗೆ ಒಂದೇ ರೀಲು ತಂದ ಮನೆಯಲ್ಲಿ ಅದು ಸಣ್ಣ ನಷ್ಟವಲ್ಲ.

ಈ ಜಾತಿಯ ಕ್ಯಾಮರಾಗಳ ಮಸೂರ ಸರಳ, ಶಟರಿನ ವೇಗ ಸಾಮಾನ್ಯವಾಗಿ ಒಂದೇ. ಬೆಳಕು ಹೊಂದಿಸಲು ಹೆಚ್ಚೆಂದರೆ ಸೂರ್ಯನ ಗುರುತು, ಮೋಡದ ಗುರುತು. ಇದರ ಪರಿಣಾಮವೇನು ಎಂಬುದನ್ನು ಹರಿಹರದಲ್ಲಿ ತೆಗೆದ, ನಮ್ಮ ಮನೆಯಲ್ಲಿರುವ ಒಂದು ಫೋಟೋ ಚೆನ್ನಾಗಿ ತೋರಿಸುತ್ತದೆ. 1224ರಲ್ಲಿ ಪೊಲಾಳ್ವ ದಂಡನಾಯಕ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಎದುರು ಅಜ್ಜಿ, ಇಬ್ಬರು ಅತ್ತೆಯರು, ಒಂದು ಮಗು. ನಡುವಿನ ಮುಖಗಳು ಸ್ಪಷ್ಟ. ಅಂಚಿನಲ್ಲಿರುವ ಅತ್ತೆಯ ಸೀರೆಯ ನೆರಿಗೆ ನೀರಲ್ಲಿ ಕಂಡಂತೆ ಮಸುಕು. ಹಿಂದಿನ ಮಂಟಪ ಬರೀ ಕತ್ತಲು. ನುಣ್ಣಗೆ ಕಡೆದ ಆ ಕಂಬಗಳಲ್ಲಿ ಒಂದರ ಅಂಚಷ್ಟೇ ಹೊಳೆಯುತ್ತದೆ. ಆ ಶಿಲ್ಪದ ಚೆಲುವು ಈ ಮಸೂರಕ್ಕೆ ದಕ್ಕಲಿಲ್ಲ, ಆದರೆ ಅಜ್ಜಿ ದಕ್ಕಿದಳು. ಅವಳ ಮತ್ತೊಂದು ಫೋಟೋ ನಮ್ಮಲ್ಲಿಲ್ಲ. ಹೀಗಾಗಿ ಇದನ್ನು ಕಳಪೆ ಕ್ಯಾಮರಾ ಎನ್ನಲು ನನಗೆ ಬಾಯಿ ಬರುವುದಿಲ್ಲ.

ರೀಲಿನ ಕಥೆಯೂ ಬೇರೆಯಾಗುತ್ತಿತ್ತು. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ 1967ರಿಂದ ಉತ್ಪಾದನೆ ಆರಂಭಿಸಿತು. 'ಇಂದು' ಹೆಸರಿನ ಕಪ್ಪು-ಬಿಳುಪು ರೀಲು ಅಲ್ಲಿಂದಲೇ ಬರುತ್ತಿತ್ತು. ಎಂಬತ್ತರ ದಶಕದಲ್ಲಿ ಫೋಟೋಫೋನ್ ಕಂಪನಿಯ ಹಾಟ್ ಶಾಟ್ ಬಂತು. ಜೊತೆಗೆ 35 ಎಂಎಂ ರೀಲು ಮನೆ ಸೇರಿತು. ಹನ್ನೆರಡು ಇದ್ದದ್ದು ಮೂವತ್ತಾರಾಯಿತು, ಚೌಕ ಆಯತವಾಯಿತು, ಬಣ್ಣ ಬಂತು.

ನಿಜವಾದ ಬದಲಾವಣೆ ಫ್ಲ್ಯಾಶಿನದು. ತೊಂಬತ್ತರ ದಶಕದ ಕೊಡಾಕ್ ಕೆಬಿ10ರಂಥ ಕ್ಯಾಮರಾಕ್ಕೆ ಪೆನ್‌ಸೆಲ್ ಹಾಕಿ ಗುಂಡಿ ಸರಿಸಿದರೆ ಕೀಂ ಎಂಬ ಸಣ್ಣ ಸದ್ದು ಏರುತ್ತ ಹೋಗಿ ದೀಪ ಹತ್ತುತ್ತಿತ್ತು. ಫೋಕಸ್ ಮಾಡುವ ಕೆಲಸವೇ ಇಲ್ಲ. ಅಂದಿನಿಂದ ಆಲ್ಬಮ್ ಮನೆಯೊಳಕ್ಕೆ ನಡೆಯಿತು: ತೊಟ್ಟಿಲು, ಗೌರಿಯ ಮುಂದಿನ ಆರತಿ, ಒಲೆಯ ಮುಂದೆ ರೊಟ್ಟಿ ಬಡಿಯುವ ಅವ್ವ. ಹೊರಗೆ ನಿಲ್ಲಲು ಪುರುಸೊತ್ತಿಲ್ಲದ ಹೆಂಗಸರು ಕೆಲಸ ಮಾಡುತ್ತಲೇ ಫೋಟೋದಲ್ಲಿ ಕಾಣತೊಡಗಿದ್ದು ಆಗಲೇ. ನನ್ನ ಮಟ್ಟಿಗೆ ಬಣ್ಣಕ್ಕಿಂತ ದೊಡ್ಡ ಸಂಗತಿ ಅದು.

2004ರಲ್ಲಿ ಅಮೆರಿಕ ಮತ್ತು ಪಶ್ಚಿಮ ಯೂರೋಪಿನಲ್ಲಿ ಫಿಲ್ಮ್ ಕ್ಯಾಮರಾ ಮಾರಾಟ ನಿಲ್ಲಿಸುವುದಾಗಿ ಸಾರಿದ ಕೊಡಾಕ್, ಭಾರತದಂಥ ಮಾರುಕಟ್ಟೆಗಳಲ್ಲಿ ಮುಂದುವರಿಸುವುದಾಗಿ ಹೇಳಿತ್ತು. ಬಳಿಕ ಮೊಬೈಲ್ ಎಲ್ಲವನ್ನೂ ಮುಗಿಸಿತು. ಈಗ ಕೊಡಾಕ್ ಹೆಸರಿನಲ್ಲೇ 2022ರಲ್ಲಿ ಬಂದ ಎಕ್ಟಾರ್ ಎಚ್35 ಎಂಬ ಪ್ಲಾಸ್ಟಿಕ್ ಕ್ಯಾಮರಾ ಅರ್ಧ ಚೌಕಟ್ಟಿನಲ್ಲಿ ಚಿತ್ರ ಹಿಡಿದು ಮೂವತ್ತಾರರ ರೀಲಿನಿಂದ ಎಪ್ಪತ್ತೆರಡು ಫೋಟೋ ಕೊಡುತ್ತದೆ.

ನಮ್ಮ ಅಟ್ಟದ ಮೇಲಿದ್ದ ಹಳೆಯದನ್ನು ಮೊನ್ನೆ ಕೆಳಗಿಳಿಸಿದೆ. ಫ್ಲ್ಯಾಶ್ ಸತ್ತಿದೆ, ಸೆಲ್ಲಿನ ಗೂಡಿನಲ್ಲಿ ಹಸಿರು ಕಿಲುಬು. ಶಟರಿಗೆ ಸೆಲ್ಲಿನ ಹಂಗಿಲ್ಲ. ಒತ್ತಿದರೆ ಟಪ್ ಎನ್ನುತ್ತದೆ. ರೀಲು ಹಾಕಿ ಅವ್ವನನ್ನು ಅಂಗಳಕ್ಕೆ ಕರೆದೆ.