ಲೈನ್ ಮನೆಯ ಮಕ್ಕಳು: ಆಲೂರು–ಸಕಲೇಶಪುರ ತೋಟಸೀಮೆಯಲ್ಲಿ ಯುವಜನರ ವಸತಿಹೀನತೆಯ ಚರಿತ್ರೆ

ಆಲೂರಿನ ಬಸ್ ನಿಲ್ದಾಣದಲ್ಲೋ ಸಕಲೇಶಪುರದ ರೈಲು ನಿಲ್ದಾಣದಲ್ಲೋ ರಾತ್ರಿ ಮಲಗುವ ಹುಡುಗರನ್ನು ಎಣಿಸಿ ಈ ಸೀಮೆಯ ವಸತಿಹೀನತೆಯನ್ನು ಅಳೆಯ ಹೊರಟರೆ ಲೆಕ್ಕ ತಪ್ಪುತ್ತದೆ. 2011ರ ಜನಗಣತಿ ದೇಶದಲ್ಲಿ ಸುಮಾರು 17.7 ಲಕ್ಷ ವಸತಿಹೀನರನ್ನು ಗುರುತಿಸಿತು. ರಸ್ತೆ ಬದಿ, ಮೇಲ್ಸೇತುವೆಯ ಅಡಿ, ದೇವಸ್ಥಾನದ ಮಂಟಪ, ರೈಲ್ವೆ ಪ್ಲಾಟ್‌ಫಾರಂಗಳಲ್ಲಿ ಇರುವವರಷ್ಟೇ ಆ ಪಟ್ಟಿಗೆ ಬಂದರು. ಕಾಫಿ ತೋಟದ ಲೈನ್ ಮನೆಯಲ್ಲಿ ಹುಟ್ಟಿ ಬೆಳೆದು, 18 ತುಂಬಿದ ಮೇಲೆ ಆ ಮನೆಯಲ್ಲಿ ಯಾವ ಹಕ್ಕೂ ಉಳಿಯದ ಹುಡುಗ ಹುಡುಗಿಯರು ಅದರಲ್ಲಿಲ್ಲ. ತಲೆಯ ಮೇಲೆ ಸೂರಿದೆಯಲ್ಲ! ಆ ಸೂರು ಯಾವ ಷರತ್ತಿನ ಮೇಲೆ ನಿಂತಿದೆ ಎಂಬುದೇ ಇಲ್ಲಿನ ವಿಚಾರ.

ಸಕಲೇಶಪುರ ತಾಲ್ಲೂಕಿನ ಹಳೆಯ ಹೆಸರು ಮಂಜರಾಬಾದ್. ಇಲ್ಲಿ ಯುರೋಪಿಯನ್ನರ ಕಾಫಿ ಕೃಷಿ ಶುರುವಾದದ್ದು 1843ರಲ್ಲಿ, ಫ್ರೆಡರಿಕ್ ಗ್ರೀನ್ ಎಂಬವನಿಂದ. ಆಮೇಲೆ ಬಂದ ರಾಬರ್ಟ್ ಎಲಿಯಟ್ ತನ್ನ ತೋಟಗಾರಿಕೆಯ ಅನುಭವಗಳನ್ನು 1871 ಮತ್ತು 1894ರಲ್ಲಿ ಪುಸ್ತಕಗಳಾಗಿ ಪ್ರಕಟಿಸಿದ. ಕಾಡು ಕಡಿದು ಗಿಡ ನೆಟ್ಟವರಿಗೆ ಮೊದಲು ಎದುರಾದ ತೊಡಕು ಆಳುಗಳದು. ಮೇಸ್ತ್ರಿಯ ಕೈಯಲ್ಲಿ ಮುಂಗಡ ಕೊಟ್ಟು ಬಯಲುಸೀಮೆಯಿಂದಲೂ ಘಟ್ಟದ ಕೆಳಗಿನಿಂದಲೂ ಜನರನ್ನು ತರಿಸಿದರು. ಮುಂಗಡ ಪಡೆದು ಕೆಲಸ ಬಿಟ್ಟುಹೋದವರನ್ನು ಮೂರು ತಿಂಗಳು ಸೆರೆಗೆ ತಳ್ಳಲು 1859ರ ಕರಾರುಭಂಗ ಕಾಯ್ದೆ ಅವಕಾಶ ಕೊಟ್ಟಿತ್ತು. ಸುಗ್ಗಿ ಮುಗಿಸಿ ಊರಿಗೆ ಮರಳುತ್ತಿದ್ದವರಲ್ಲಿ ಒಂದು ಭಾಗ ವರ್ಷವಿಡೀ ತೋಟದಲ್ಲೇ ಉಳಿಯಿತು. ಅವರಿಗಾಗಿ ಸಾಲಾಗಿ ಕಟ್ಟಿದ ಕೋಣೆಗಳೇ ‘ಲೈನು’. ಆಳು ಕೈತಪ್ಪದಂತೆ ಹಿಡಿದಿಡುವ ಏರ್ಪಾಡು ಅದು; ಅಲ್ಲಿ ವಾಸದ ಹಕ್ಕಿನ ಮಾತೇ ಇರಲಿಲ್ಲ.

ಸ್ವಾತಂತ್ರ್ಯಾನಂತರ ಬಂದ 1951ರ ತೋಟ ಕಾರ್ಮಿಕರ ಕಾಯ್ದೆ ನಿಜಕ್ಕೂ ದೊಡ್ಡ ಹೆಜ್ಜೆ. ಕಾರ್ಮಿಕನಿಗೂ ಅವನ ಕುಟುಂಬಕ್ಕೂ ಮನೆ ಕೊಡುವುದು, ಅದನ್ನು ದುರಸ್ತಿಯಲ್ಲಿಡುವುದು ಮಾಲೀಕನ ಹೊಣೆ ಎಂದು ಅದರ 15ನೇ ಕಲಂ ಹೇಳಿತು. ಆದರೆ ಮಕ್ಕಳ ಪೈಕಿ ಅದೇ ಕಾಯ್ದೆ ಕುಟುಂಬದೊಳಗೆ ಲೆಕ್ಕ ಹಿಡಿದದ್ದು 18 ತುಂಬದ, ಅವಲಂಬಿತರನ್ನು ಮಾತ್ರ. ಹಾಗಾಗಿ 18ರ ಮರುದಿನದಿಂದ ಮಗ ಅಥವಾ ಮಗಳು ಅದೇ ಕೋಣೆಯಲ್ಲಿ ಮಾಲೀಕರ ದಾಕ್ಷಿಣ್ಯದ ಮೇಲೆ ಇರಬೇಕು, ಇಲ್ಲವೇ ತೋಟದ ಲೆಕ್ಕ ಬರೆಯುವ ರೈಟರ ಪುಸ್ತಕದಲ್ಲಿ ಹೆಸರು ಬರೆಸಿ ಆಳಾಗಬೇಕು. ಓದುತ್ತಿರುವ ಹುಡುಗಿಯ ತಂದೆ ತೀರಿಕೊಂಡರೆ, ತಾಯಿಗೆ ಕೆಲಸ ಮಾಡಲು ಆಗದಿದ್ದರೆ, ‘ಲೈನ್ ಖಾಲಿ ಮಾಡಿ’ ಎಂಬ ಮಾತಿಗೆ ಆಕೆ ಎದುರಾಡುವ ಆಧಾರ ಕಾನೂನಿನಲ್ಲಿಲ್ಲ. 1981ರ ತಿದ್ದುಪಡಿ ಈ ಕಾಯ್ದೆಯನ್ನು 5 ಹೆಕ್ಟೇರ್ ಮತ್ತು 15 ಕಾರ್ಮಿಕರಿರುವ ತೋಟಗಳವರೆಗೆ ಇಳಿಸಿತು. ಕರ್ನಾಟಕದ ಕಾಫಿ ಹಿಡುವಳಿಗಳಲ್ಲಿ ಬಹುಪಾಲು ಸಣ್ಣವಾದ್ದರಿಂದ ಅದಕ್ಕಿಂತ ಚಿಕ್ಕ ತೋಟಗಳ ಆಳುಗಳು ಪೂರ್ತಿ ಹೊರಗೇ ಉಳಿದರು.

ನನ್ನ ದೃಷ್ಟಿಯಲ್ಲಿ ಈ ಚರಿತ್ರೆಯ ನಿರ್ಣಾಯಕ ತಿರುವು ಇರುವುದು ಕಾರ್ಮಿಕ ಕಾನೂನಿನಲ್ಲಲ್ಲ, ಭೂಕಾನೂನಿನಲ್ಲಿ. ದೇವರಾಜ ಅರಸರ ಕಾಲದ 1974ರ ಭೂಸುಧಾರಣಾ ತಿದ್ದುಪಡಿಯ ನಂತರ ಉಳುವವನು ಭೂಮಿಗೆ ಒಡೆಯನಾದದ್ದು ಎಲ್ಲರಿಗೂ ಗೊತ್ತು. ಭೂಸುಧಾರಣಾ ಕಾಯ್ದೆಯ 38ನೇ ಕಲಮಿನ ಕಥೆ ಅಷ್ಟಾಗಿ ಯಾರೂ ಹೇಳುವುದಿಲ್ಲ. ಬೇರೆಯವರ ಜಮೀನಿನಲ್ಲಿ ಗುಡಿಸಲು ಹಾಕಿಕೊಂಡು ಬದುಕುತ್ತಿದ್ದ ಕೃಷಿಕೂಲಿಯನ್ನು ಆ ವಾಸದ ಮನೆಯ ಮಾಲೀಕನನ್ನಾಗಿ ಮಾಡಿದ ಕಲಂ ಅದು. ಬಯಲಿನ ಅದೆಷ್ಟೋ ಜೀತದ ಮನೆತನಗಳಿಗೆ ಮೊದಲ ಹಕ್ಕುಪತ್ರದ ದಾರಿ ಅಲ್ಲಿ ತೆರೆಯಿತು. ಆದರೆ ಅದೇ ಕಾಯ್ದೆಯ 104ನೇ ಕಲಂ, 38ನೇ ಕಲಂ ಪ್ಲಾಂಟೇಶನ್‌ಗಳಿಗೆ ಅನ್ವಯಿಸದು ಎಂದು ಹೇಳುತ್ತದೆ. ಗದ್ದೆಯಲ್ಲಿ ದುಡಿದವನ ಮಗನಿಗೆ ಮನೆಯಾಯಿತು. ಅದೇ ಹಳ್ಳಿಯ ತೋಟದ ಬೇಲಿಯೊಳಗೆ ದುಡಿದವನ ಮಗನಿಗೆ ಆಗಲಿಲ್ಲ. 2017ರಲ್ಲಿ ‘ವಾಸಿಸುವವನೇ ಮನೆಯ ಒಡೆಯ’ ಎಂಬ ಘೋಷಣೆಯೊಂದಿಗೆ ಬಂದ 38ಎ ಕಲಂ ಕಣ್ಣಿಟ್ಟದ್ದೂ ದಾಖಲೆಯಿಲ್ಲದ ತಾಂಡಾ, ಹಟ್ಟಿ, ಹಾಡಿಗಳ ಮೇಲೆ.

ಇಂಗ್ಲೆಂಡಿನ ರೈತಾಳುಗಳೂ ಕೆಲಸಕ್ಕೆ ಕಟ್ಟಿಹಾಕಿದ ಇಂಥ ಮನೆಗಳಲ್ಲೇ ಇದ್ದರು. ಅವರಿಗೆ 1976ರ ಕಾಯ್ದೆ ಕೆಲಸ ಹೋದರೂ ಮನೆ ಹೋಗದಂತೆ ರಕ್ಷಣೆ ಕೊಟ್ಟಿತು. ಅಲ್ಲಿಂದ ಬಂದು ಇಲ್ಲಿ ತೋಟ ಮಾಡಿದವರು ಈ ಪಾಠವನ್ನು ಇಲ್ಲಿ ಬಿಟ್ಟುಹೋಗಲಿಲ್ಲ, ಅಷ್ಟು ಹೊತ್ತಿಗೆ ಅವರೇ ಹೊರಟುಹೋಗಿದ್ದರು!

ಲೈನಿನಿಂದ ಹೊರಬಿದ್ದ ಯುವಕ ಹೋಗುವುದು ಸಾಮಾನ್ಯವಾಗಿ ಹಾಸನಕ್ಕೆ, ಬೆಂಗಳೂರಿಗೆ. ಅಲ್ಲಿ ಅವನು ಹುಡುಕುವುದು ಮಲಗಲು ಜಾಗ ಕೊಡುವ ಕೆಲಸವನ್ನೇ: ಹೋಟೆಲು, ಸೆಕ್ಯುರಿಟಿ, ಕಟ್ಟಡದ ಶೆಡ್ಡು. ಕೆಲಸ ಹೋದ ದಿನವೇ ಹಾಸಿಗೆಯೂ ಹೋಗುತ್ತದೆ. 2020ರ ಮಾರ್ಚಿನ ಲಾಕ್‌ಡೌನ್ ಇದನ್ನು ಊರಿಗೆಲ್ಲ ತೋರಿಸಿತು. ನಿಲ್ದಾಣಗಳಲ್ಲಿ ಸಿಕ್ಕ ಮಕ್ಕಳಿಗಾಗಿ 1980ರಿಂದ ದುಡಿಯುತ್ತಿರುವ ಬೆಂಗಳೂರಿನ ಬಾಸ್ಕೋದಂಥ ಸಂಸ್ಥೆಗಳಿವೆ. 1098 ಸಹಾಯವಾಣಿ ಇದೆ. ಇವೆಲ್ಲ ಮುಖ್ಯವಾಗಿ 18ರ ಒಳಗಿನವರಿಗೆ. 2015ರ ಬಾಲನ್ಯಾಯ ಕಾಯ್ದೆ 18 ದಾಟಿದವರಿಗೂ 21ರವರೆಗೆ ಅನುಪಾಲನೆಯ ನೆರವು ಕೊಡುತ್ತದೆ. ಮಿಷನ್ ವಾತ್ಸಲ್ಯದಲ್ಲಿ ಅದು ತಿಂಗಳಿಗೆ 4,000 ರೂಪಾಯಿ. ಒಳ್ಳೆಯದೇ. ಆದರೆ ಅದು ಬಾಲಮಂದಿರದಂಥ ಸಂಸ್ಥೆಯಿಂದ ಹೊರಬರುವವರಿಗೆ ಮಾತ್ರ. ಲೈನಿನಲ್ಲೇ ಬೆಳೆದವನು ಆ ಬಾಗಿಲು ಹೊಕ್ಕೇ ಇಲ್ಲವಾದ್ದರಿಂದ ನೆರವಿಗೆ ಅರ್ಹನಲ್ಲ.

ಇಂಥವರಿಗೆ ನಿವೇಶನ ಕೊಟ್ಟರೆ ಮುಗಿಯಿತೇ? ಆಲೂರು ಸೀಮೆಯಲ್ಲಿ ಅದೂ ಸರಳವಲ್ಲ. ತೋಟದಿಂದ ದೂರದ ಗೋಮಾಳದಲ್ಲಿ ಮನೆ ಕೊಟ್ಟರೆ ಮುಂಜಾನೆ ಕೆಲಸಕ್ಕೆ ನಡೆಯುವ ದಾರಿಯಲ್ಲಿ ಆನೆ ಇರುತ್ತದೆ. ಆನೆ ತಜ್ಞ ರಾಮನ್ ಸುಕುಮಾರ್ ನೇತೃತ್ವದ ಆನೆ ಕಾರ್ಯಪಡೆ 2012ರಲ್ಲೇ ಈ ಪ್ರದೇಶದ ಆನೆಗಳನ್ನು ಹಿಡಿದು ಸಾಗಿಸಬೇಕೆಂದು ಶಿಫಾರಸು ಮಾಡಿತ್ತು. ಹಿಡಿದದ್ದೂ ಆಯಿತು, ಕಾಟ ತಪ್ಪಲಿಲ್ಲ. ಆದ್ದರಿಂದ ನಿವೇಶನ ಊರಿಗೆ, ಬಸ್ಸು ಬರುವ ರಸ್ತೆಗೆ ಹತ್ತಿರ ಇರಬೇಕು. ಜಾಗವಿಲ್ಲ ಎಂಬ ನೆಪ ನಡೆಯದು. ಒತ್ತುವರಿಯಾದ ಸರ್ಕಾರಿ ಜಮೀನನ್ನು ತೋಟಗಾರರಿಗೆ 25 ಎಕರೆಯವರೆಗೆ ಗುತ್ತಿಗೆ ಕೊಡಲು 2022ರ ಕಂದಾಯ ತಿದ್ದುಪಡಿ ದಾರಿ ಮಾಡಿದೆ. ತೋಟಕ್ಕೆ ಎಕರೆಗಟ್ಟಲೆ ಸಿಗುವ ಕಡೆ ತೋಟದ ಆಳಿಗೆ 30×40 ಅಡಿ ಅಳತೆಯ ತುಂಡು ಸಿಗುವುದಿಲ್ಲವೆಂದರೆ ಅದು ಭೂಮಿಯ ಅಭಾವವಲ್ಲ.

ತುರ್ತಾಗಿ ಆಗಬೇಕಾದದ್ದು ಇನ್ನೂ ಇದೆ. ಗ್ರಾಮ ಪಂಚಾಯಿತಿಗಳು ಲೈನ್ ಮನೆಗಳಲ್ಲಿರುವ 18ರಿಂದ 25ರ ವಯಸ್ಸಿನವರ ಪಟ್ಟಿ ಮಾಡಬೇಕು. ಹೋಗಲು ಮನೆಯಿಲ್ಲದ ವಿದ್ಯಾರ್ಥಿಗಳಿಗೆ ಸರ್ಕಾರಿ ಹಾಸ್ಟೆಲ್‌ಗಳು ಬೇಸಿಗೆ ರಜೆಯಲ್ಲೂ ತೆರೆದಿರಬೇಕು. ಅನುಪಾಲನೆಯ ಹಣ ತಂದೆತಾಯಿ ಕಳೆದುಕೊಂಡ ತೋಟದ ಮಕ್ಕಳಿಗೂ ಸಲ್ಲಬೇಕು. ಎಲ್ಲಕ್ಕಿಂತ ಮೇಲೆ, 104ನೇ ಕಲಮಿನಿಂದ 38 ಎಂಬ ಅಂಕಿಯನ್ನು ತೆಗೆಯಲು ಒಂದೇ ಸಾಲಿನ ತಿದ್ದುಪಡಿ ಸಾಕು. ಆಲೂರು, ಸಕಲೇಶಪುರ ಎರಡೂ ತಾಲ್ಲೂಕುಗಳು ಸೇರುವ ಸಕಲೇಶಪುರ ವಿಧಾನಸಭಾ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲು. ಅಲ್ಲಿಂದ ಗೆದ್ದು ಹೋಗುವವರು ಯಾವ ಪಕ್ಷದವರೇ ಆಗಿರಲಿ, ಈ ತಿದ್ದುಪಡಿಯನ್ನು ಸದನದಲ್ಲಿ ಕೇಳಬೇಕು. ಕೇಳುವಂತೆ ಮತದಾರರು ಒತ್ತಾಯಿಸಬೇಕು.