ಸ್ಟೋಮಾ ಮುಚ್ಚಿದ ಮೇಲಿನ ಚೇತರಿಕೆ

ಕರುಳಿನ ಒಂದು ಭಾಗವನ್ನು ಹೊಟ್ಟೆಯ ಮೇಲಕ್ಕೆ ತಂದು ಮಲಕ್ಕೆ ಮಾಡಿಕೊಡುವ ದಾರಿಯೇ ಸ್ಟೋಮಾ. ತಾತ್ಕಾಲಿಕವಾಗಿ ಮಾಡಿದ್ದರೆ, ಒಳಗಿನ ಜೋಡಣೆ ಮಾಗಿದ ಮೇಲೆ ಅದನ್ನು ಮುಚ್ಚುತ್ತಾರೆ. ಜನರ ಮಾತಿನಲ್ಲಿ ಇದು ‘ಬ್ಯಾಗ್ ತೆಗೆಯುವ ಆಪರೇಷನ್’.

1793ರಲ್ಲಿ ಫ್ರಾನ್ಸಿನ ಬ್ರೆಸ್ಟ್‌ನಲ್ಲಿ ದ್ಯುರೆ ಎಂಬ ವೈದ್ಯ, ಗುದದ್ವಾರವಿಲ್ಲದೆ ಹುಟ್ಟಿದ ಮಗುವಿಗೆ ಸ್ಟೋಮಾ ಮಾಡಿದ. ಮಗು ಬದುಕಿ 45 ವರ್ಷ ಬಾಳಿತು. ಆಗ ಮುಚ್ಚುವ ಯೋಚನೆಯೇ ಇರಲಿಲ್ಲ. 1980ರ ದಶಕದಿಂದ ಗುದನಾಳದ ಕ್ಯಾನ್ಸರನ್ನು ಗುದದ್ವಾರ ಉಳಿಸಿಕೊಂಡೇ ತೆಗೆಯುವುದು ರೂಢಿಯಾಯಿತು. ಆಗ ಕರುಳನ್ನು ಮತ್ತೆ ಜೋಡಿಸಿದ ತೀರಾ ಕೆಳಗಿನ ಹೊಲಿಗೆ ಸೋರಿದರೆ ಜೀವಕ್ಕೇ ಅಪಾಯ. ಆ ಹೊಲಿಗೆಯನ್ನು ಕಾಯಲು ಕೆಲವು ತಿಂಗಳ ಸ್ಟೋಮಾ ಮಾಡುವುದು ಹೆಚ್ಚಿತು, ಜೊತೆಗೆ ಅದನ್ನು ಮುಚ್ಚುವ ಶಸ್ತ್ರಚಿಕಿತ್ಸೆಯೂ ಹೆಚ್ಚಿತು. ನಮ್ಮಲ್ಲಿ ಟೈಫಾಯ್ಡ್‌ನಿಂದ ಕರುಳು ತೂತಾದವರಿಗೂ ಕೆಲವೊಮ್ಮೆ ತಾತ್ಕಾಲಿಕ ಸ್ಟೋಮಾ ಬೇಕಾಗುತ್ತದೆ.

ಮೊದಲೆಲ್ಲ ಆಪರೇಷನ್ ಆದ ಮೇಲೆ ಗ್ಯಾಸ್ ಹೋಗುವವರೆಗೆ ರೋಗಿಗೆ ಬಾಯಿಗೆ ಏನೂ ಕೊಡುತ್ತಿರಲಿಲ್ಲ. ಬೇಗ ಉಣ್ಣಿಸಿ, ಬೇಗ ನಡೆಸಬೇಕೆಂದು 1990ರ ದಶಕದಲ್ಲಿ ತೋರಿಸಿಕೊಟ್ಟವರು ಡೆನ್ಮಾರ್ಕಿನ ಹೆನ್ರಿಕ್ ಕೆಹ್ಲೆಟ್. ಈ ಚಿಕಿತ್ಸೆಯ ಇಡೀ ಇತಿಹಾಸದಲ್ಲಿ ರೋಗಿಗೆ ಅತ್ಯಂತ ಹಿತವಾದ ಬದಲಾವಣೆ ಇದೇ ಎನ್ನಬೇಕು. ಸ್ಟೋಮಾ ಇದ್ದ ಜಾಗದ ಗಾಯವನ್ನು ಪೂರ್ತಿ ಹೊಲಿಯದೆ, ಚೀಲದ ಬಾಯಿಗೆ ಹುರಿ ಎಳೆದಂತೆ ಕಿರಿದಾಗಿಸಿ ಬಿಡುವ ಕ್ರಮದಿಂದ ಕೀವಾಗುವುದೂ ಕಡಿಮೆಯಾಯಿತು.

ದಕ್ಷಿಣ ಕನ್ನಡದ ಸುಳ್ಯ ತಾಲೂಕಿನ ಐವರ್ನಾಡಿನಂಥ ಊರಿನವರಿಗೆ ದೊಡ್ಡ ಆಪರೇಷನ್ ಎಂದರೆ ಬಹುಕಾಲ ಮಂಗಳೂರು ಇಲ್ಲವೇ ಮಣಿಪಾಲವೇ ಆಗಿತ್ತು. ಈಗ ಸುಳ್ಯದಲ್ಲೇ ಕೆ.ವಿ.ಜಿ. ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಆದರೆ ಚೇತರಿಕೆಯ ಹೆಚ್ಚಿನ ಭಾಗ ನಡೆಯುವುದು ಮನೆಯಲ್ಲಿ. ಉಪ್ಪು ಹಾಕಿದ ಗಂಜಿ, ಬಾಳೆಹಣ್ಣು, ಮಜ್ಜಿಗೆ ಅನ್ನ ಹೊಟ್ಟೆಗೆ ಹಗುರ, ಮಲವನ್ನೂ ಗಟ್ಟಿಯಾಗಿಸುತ್ತವೆ. ನಾರು ಹೆಚ್ಚಿರುವ ಹಲಸು, ಕಣಿಲೆ ಮೊದಲ ವಾರಗಳಲ್ಲಿ ಬೇಡ. ಸುಮಾರು ಆರು ವಾರ ಅಡಿಕೆಗೊನೆ ಹೊರುವುದು, ತುಂಬಿದ ಕೊಡಪಾನ ಎತ್ತುವುದು ಕೂಡದು. ಹಳೆಯ ಸ್ಟೋಮಾದ ಜಾಗದಲ್ಲೇ ಹರ್ನಿಯಾ ಏಳಬಹುದು. ವಾಂತಿ, ಹೊಟ್ಟೆ ಉಬ್ಬರದ ಜೊತೆ ಗ್ಯಾಸೂ ನಿಂತರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಗುದನಾಳದ ಭಾಗ ತೆಗೆದವರಿಗೆ ಕಷ್ಟ ಹೆಚ್ಚು. ದಿನಕ್ಕೆ ಹತ್ತಾರು ಸಲ ಮಲಕ್ಕೆ ಓಡುವುದು, ತಡೆಯಲಾಗದಿರುವುದು, ಚರ್ಮ ಉರಿಯುವುದು ಅನೇಕರಿಗೆ ಇದ್ದದ್ದೇ. ಬಸ್ ಹತ್ತಲೂ ಅಂಜುತ್ತಾರೆ, ನಾಚಿಕೆಯಿಂದ ಡಾಕ್ಟರಿಗೂ ಹೇಳುವುದಿಲ್ಲ. ಈ ತೊಂದರೆಯನ್ನು ಅಳೆಯುವ ಪ್ರಶ್ನಾವಳಿ ಡೆನ್ಮಾರ್ಕಿನಲ್ಲಿ ಸಿದ್ಧವಾದದ್ದು 2012ರಲ್ಲಿ. ಅಷ್ಟು ತಡವಾದದ್ದು ಸರಿಯಲ್ಲ. ಪ್ರತಿ ಸಲ ನೀರಿನಲ್ಲಿ ತೊಳೆದು ಸತುವಿನ ಮುಲಾಮು ಹಚ್ಚಿದರೆ ಉರಿ ತಗ್ಗುತ್ತದೆ. ವೈದ್ಯರು ಲೋಪೆರಮೈಡ್ ಮಾತ್ರೆ ಕೊಡುತ್ತಾರೆ, ಕಟಿತಳದ ಸ್ನಾಯುಗಳಿಗೆ ವ್ಯಾಯಾಮ ಹೇಳಿಕೊಡುತ್ತಾರೆ. ಹೆಚ್ಚಿನವರಿಗೆ ಒಂದು ವರ್ಷದೊಳಗೆ ಸುಧಾರಿಸುತ್ತದೆ. ಏನು ಮಾಡಿದರೂ ಹತೋಟಿಗೆ ಬಾರದ ಕೆಲವರು ಮತ್ತೆ ಶಾಶ್ವತ ಸ್ಟೋಮಾ ಮಾಡಿಸಿಕೊಳ್ಳುವುದೂ ಉಂಟು.